ನಾಲ್ಕರ ಪಕ್ಕದ ಚುಕ್ಕಿ

“ಈ ನಾಲ್ಕನ್ನ ನೀವು ಎಲ್ಲಿ ಓದಿದ್ರಿ?” ನಜ್ಮಾ ಮೇಡಂ ಕೇಳಿದರು.

ಭಾಗ್ಯಾಳಿಗೆ ಅದು ಸುಲಭದ ಪ್ರಶ್ನೆ ಅನ್ನಿಸಿತು. ಅವಳ ಹಿಂದಿನ ಪರದೆಯ ಮೇಲೆ ಪ್ರಬಂಧದ ಮೂರನೆಯ ಅಧ್ಯಾಯದ ಹೆಸರು ಬಿದ್ದಿತ್ತು: ‘ನಾಲ್ಕರಿಂದ ಹತ್ತೊಂಬತ್ತಕ್ಕೆ’. ಹುಬ್ಬಳ್ಳಿಯ ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಹೆಂಗಸರಲ್ಲಿ, 1979ರ ಒಂದು ಲೇಖನದ ಪ್ರಕಾರ, ನೂರಕ್ಕೆ ನಾಲ್ವರಿಗೆ ಉಸಿರಾಟದ ತೊಂದರೆ ಇತ್ತು. ಭಾಗ್ಯಾ ಎರಡು ವರ್ಷ ಓಣಿ ಓಣಿ ತಿರುಗಿ ನೂರಾ ಅರವತ್ತು ಹೆಂಗಸರನ್ನು ಕಂಡು ಮಾಡಿದ ಲೆಕ್ಕದಲ್ಲಿ ಅದು ನೂರಕ್ಕೆ ಹತ್ತೊಂಬತ್ತಾಗಿತ್ತು. ಸುಮಾರು ಐದು ಪಟ್ಟು ಏರಿಕೆ. ಪಿಎಚ್.ಡಿ. ಪ್ರಬಂಧ ಪೂರ್ತಿ ನಿಂತಿದ್ದು ಆ ಏರಿಕೆಯ ಮೇಲೆ.

“ಇಂಗ್ಲೆಂಡಿನ ಜರ್ನಲ್‌ನಾಗ ಬಂದ ಲೇಖನರಿ ಮೇಡಂ. ಸಂಪುಟ ಇಪ್ಪತ್ತೊಂದು, ಪುಟ ಎರಡನೂರಾ ಹದಿನಾಲ್ಕು.”

“ಸಂಪುಟ, ಪುಟ ಎಲ್ಲಾ ನಿಮ್ಮ ಪ್ರಬಂಧದಾಗೇ ಅದ. ನಾ ಕೇಳಿದ್ದು, ಲೇಖನ ಪೂರ್ತಿ ಓದೀರೇನು?”

ಸಮಾಜಕಾರ್ಯ ವಿಭಾಗದ ಆ ಕೋಣೆಯಲ್ಲಿ ಏಳೆಂಟು ಜನ ಇದ್ದರು. ಪ್ರಬಂಧ ಸಲ್ಲಿಸುವ ಮುಂಚಿನ ಕೊನೆಯ ಮಂಡನೆ ಅದು. ಅದಕ್ಕೆಂದೇ ನಜ್ಮಾ ಮೇಡಂ ಹೊರಗಿನ ತಜ್ಞರಾಗಿ ಕಲಬುರ್ಗಿಯಿಂದ ಧಾರವಾಡಕ್ಕೆ ಬಂದಿದ್ದರು. ಪಕ್ಕದಲ್ಲಿ ಭಾಗ್ಯಾಳ ಮಾರ್ಗದರ್ಶಕ ಗುರುಶಿದ್ದಪ್ಪ ಸರ್ ಕೂತಿದ್ದರು. ಭಾಗ್ಯಾ ಒಮ್ಮೆ ಅವರ ಮುಖ ನೋಡಿದಳು. ಸುಳ್ಳು ಹೇಳಲಿಕ್ಕೆ ಬಾಯಿ ಬರಲಿಲ್ಲ.

“ಒಂದು ಪುಟ ಓದೇನ್ರಿ. ಝೆರಾಕ್ಸ್.”

“ಒಂದು ಪುಟದ ಮ್ಯಾಲೆ ಒಂದು ಅಧ್ಯಾಯ ಕಟ್ಟೀರಿ. ಗಟ್ಟಿಗಿತ್ತಿ ಇದ್ದೀರಿ.” ಮೇಡಂ ನಗಲಿಲ್ಲ. “ಹದಿನೇಳಕ್ಕ ಸೋಮವಾರ ನಾ ಮತ್ತ ಬರ್ತೀನಿ. ಆ ಲೇಖನ ಪೂರ್ತಿ ಈ ಟೇಬಲ್ ಮ್ಯಾಲಿರಬೇಕು. ಇಲ್ಲಂದ್ರ ಮೂರನೇ ಅಧ್ಯಾಯ ತೆಗೀರಿ.”

ಅಂದು ನವೆಂಬರ್ ಆರು, ಗುರುವಾರ. ಭಾಗ್ಯಾಳ ನೋಂದಣಿಯ ಅವಧಿ ಇಪ್ಪತ್ತೆಂಟಕ್ಕೆ ಮುಗಿಯುತ್ತಿತ್ತು. ಒಮ್ಮೆ ವಿಸ್ತರಣೆ ಆಗಿದ್ದರಿಂದ ಇನ್ನೊಮ್ಮೆ ಸಿಗುವುದಿಲ್ಲ ಎಂದು ವಿಭಾಗದ ಗುಮಾಸ್ತರು ಮೂರು ಸಲ ಹೇಳಿದ್ದರು. ಮೂರನೆಯ ಅಧ್ಯಾಯ ತೆಗೆದರೆ ಉಳಿಯುವುದು ಪೀಠಿಕೆ ಮತ್ತು ಪರಿಶಿಷ್ಟ. ಐದು ವರ್ಷ ನೀರಿಗೆ ಹೋದಂತೆ.

ಆ ಒಂದು ಪುಟ ಬಂದಿದ್ದು ಹಸಿರು ಫೈಲಿನಿಂದ. ಗುರುಶಿದ್ದಪ್ಪ ಸರ್ ತಮ್ಮ ಪಿಎಚ್.ಡಿ.ಗಾಗಿ 1990ರಲ್ಲಿ ಮುಂಬಯಿಗೆ ಹೋಗಿ, ಅಲ್ಲಿನ ಗ್ರಂಥಾಲಯವೊಂದರಲ್ಲಿ ಝೆರಾಕ್ಸ್ ಮಾಡಿಸಿ ತಂದ ಪುಟಗಳ ಫೈಲು ಅದು. ಸರ್ ಕೈಕೆಳಗೆ ಪ್ರಬಂಧ ಬರೆದು ಮುಗಿಸಿದವರು ಮುಂದಿನವರಿಗೆ ಕ್ಯಾಂಟೀನಿನಲ್ಲಿ ಗಿರ್ಮಿಟ್ ತಿನ್ನಿಸಿ ಆ ಫೈಲು ಕೈಗೆ ಕೊಡುವುದು ರೂಢಿ. ಆರು ಜನರ ಕೈ ದಾಟಿ ಅದು ಭಾಗ್ಯಾಳಿಗೆ ಬಂದಿತ್ತು. ಅದರೊಳಗಿನ ಯಾವ ಹಾಳೆಯನ್ನೂ ಯಾರೂ ಅನುಮಾನಿಸಿದ್ದಿಲ್ಲ. ಸರ್ ಕಷ್ಟಪಟ್ಟು ತಂದದ್ದಲ್ಲವೇ.

ಮಂಡನೆ ಮುಗಿದ ಮೇಲೆ ಸರ್ ಅವಳನ್ನು ತಮ್ಮ ಕೋಣೆಗೆ ಕರೆದರು. ವಿಭಾಗದ ಲೆಟರ್‌ಹೆಡ್ ತೆಗೆದು ನಾಲ್ಕು ಸಾಲು ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು. ‘ಸದರಿ ಪುಟವನ್ನು ಮೂಲ ಜರ್ನಲ್‌ನಿಂದ ನಾನೇ ಖುದ್ದಾಗಿ ಪ್ರತಿ ಮಾಡಿಸಿದ್ದೇನೆ.’

“ಇದನ್ನ ತೋರಸು. ಆಕಿಗೆ ಇಷ್ಟ ಸಾಕು. ಐವತ್ತು ವರ್ಷದ ಹಿಂದಿನ ಲೇಖನ ಯಾರ ಹಂತೇಕ ಸಿಗ್ತದ?”

“ಹೂಂನ್ರಿ ಸರ್.”

ಪತ್ರವನ್ನು ಮಡಿಚಿ ಚೀಲದಲ್ಲಿಟ್ಟುಕೊಂಡಳು. ಅಲ್ಲಿಗೆ ಕೆಲಸ ಮುಗಿಯಬಹುದಿತ್ತು. ಮುಗಿಯದಂತೆ ಮಾಡಿದ್ದು ಅವಳ ಅಜ್ಜಿ.

ಸಂಜೆ ಬಸ್ಸು ಹಿಡಿದು ಗೋಪನಕೊಪ್ಪದ ಮನೆಗೆ ಬಂದಾಗ ಸಾವಂತ್ರೆವ್ವ ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಆಕೆಗೆ ಎಪ್ಪತ್ತೆರಡು. ಭಾಗ್ಯಾ ‘ಆಯಿ’ ಎಂದೇ ಕರೆಯುವುದು. ಮಿಲ್ಲಿನಲ್ಲಿ ಆರು ವರ್ಷ ದುಡಿದು, ಎದೆ ಬಿಗಿಯತೊಡಗಿದ ಮೇಲೆ ಬಿಟ್ಟ ಹೆಂಗಸು. ಭಾಗ್ಯಾ ಈ ವಿಷಯ ಆರಿಸಿಕೊಂಡಿದ್ದಕ್ಕೂ ಅದೇ ಕಾರಣ.

“ಮಾರಿ ಯಾಕ ಹಂಗ ಮಾಡ್ಕೊಂಡಿ? ಫೇಲ್ ಮಾಡಿದ್ರೇನು?”

“ಇನ್ನೂ ಮಾಡಿಲ್ಲ ಆಯಿ. ಮಿಲ್ಲಿನಾಗ ಡಾಕ್ಟರ್ ಬಂದು ಎಲ್ಲಾರನೂ ತಪಾಸಣಿ ಮಾಡಿದ್ರಲ್ಲ, ಆ ಪುಸ್ತಕ ತೋರಸು ಅಂತಾರ.”

“ಮಿಲ್ಲಿನಾಗೇನು, ಮನಿಗೂ ಬಂದಿದ್ರಲ್ಲ.”

ಭಾಗ್ಯಾ ಚಪ್ಪಲಿ ಬಿಡುತ್ತಿದ್ದವಳು ನಿಂತಳು. “ಯಾರ ಮನಿಗೆ?”

“ಇದೇ ಮನಿಗೆ. ನಾ ಕೆಲಸ ಬಿಟ್ಟು ಒಂದು ವರ್ಸ ಆಗಿತ್ತು. ನಿಮ್ಮಪ್ಪ ಇನ್ನೂ ತೊಟ್ಟಿಲದಾಗಿದ್ದ. ಒಬ್ಬಾಕಿ ಡಾಕ್ಟರಬಾಯಿ ಬಂದು ನಳಿಗಿ ಊದು ಅಂದ್ಲು. ಗಡಿಯಾರದಾಗ ಇರೂವಂಥಾ ಮುಳ್ಳು ಇತ್ತು ಅದಕ್ಕ. ನಾ ಊದಿದ್ರ ಮುಳ್ಳು ಜರಗಲೇ ಇಲ್ಲ. ಆಕಿ ಬರಕೊಂಡು ಹ್ವಾದ್ಲು.”

“ಇಷ್ಟು ದಿನ ಯಾಕ ಹೇಳಿಲ್ಲ?”

“ನೀ ನೂರಾ ಅರವತ್ತು ಮಂದೀನ್ನ ಕೇಳಿದಿ. ನನ್ನ ಎಲ್ಲಿ ಕೇಳಿದಿ?”

ಅದು ನಿಜ. ಸ್ವಂತ ಮನೆಯವರನ್ನು ಸಮೀಕ್ಷೆಯಲ್ಲಿ ಸೇರಿಸಬಾರದು ಎಂಬ ನಿಯಮಕ್ಕೆ ಕಟ್ಟುಬಿದ್ದು ಅವಳು ಅಜ್ಜಿಯನ್ನು ಕೇಳಿರಲೇ ಇಲ್ಲ. ಹಸಿರು ಫೈಲಿನ ಪುಟ ತೆಗೆದು ಮತ್ತೆ ಓದಿದಳು. ಮೂರನೆಯ ಕೋಷ್ಟಕ. ‘ಮಿಲ್ಲಿನ ಬಾಗಿಲಲ್ಲಿ ಪರೀಕ್ಷಿಸಿದವರು: 412. ತೊಂದರೆ ಇದ್ದವರು: 17. ಶೇಕಡಾ 4.1.’ ಮನೆಗಳ ಮಾತೇ ಇಲ್ಲ. ಹಾಗಾದರೆ ಆ ವೈದ್ಯೆ ಬರೆದುಕೊಂಡು ಹೋದದ್ದು ಎಲ್ಲಿಗೆ ಹೋಯಿತು? ಉಳಿದ ಪುಟಗಳಲ್ಲಿ ಎಲ್ಲೋ ಇರಬೇಕು. ಇದ್ದರೆ ಸರ್ ಕೊಟ್ಟ ಪತ್ರದಿಂದ ಏನೂ ತೀರುವುದಿಲ್ಲ.

ಮರುದಿನ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಭಾಗ್ಯಾ ಮೆಟ್ಟಿಲ ಮೇಲಿದ್ದಳು.

ಆನ್‌ಲೈನ್ ಜರ್ನಲ್‌ಗಳ ವಿಭಾಗ ನೋಡಿಕೊಳ್ಳುವವರು ಜುಲ್ಫಿಕಾರ. ಐವತ್ತರ ಆಸುಪಾಸಿನ ಮನುಷ್ಯ. ಕಂಪ್ಯೂಟರಿನ ಪಕ್ಕ ಗೆರೆ ಹಾಕಿದ ಒಂದು ನೋಟಬುಕ್ಕು ಸದಾ ಇರುತ್ತಿತ್ತು. ಎಲ್ಲಿ ಹುಡುಕಿದೆ, ಏನೆಂದು ಹುಡುಕಿದೆ, ಏನು ಸಿಕ್ಕಿತು ಎಂದು ಒಂದೊಂದನ್ನೂ ಅದರಲ್ಲಿ ಬರೆಯದೆ ಅವರು ಯಾರಿಗೂ ‘ಇಲ್ಲ’ ಎಂದು ಹೇಳಿ ಕಳಿಸುತ್ತಿರಲಿಲ್ಲ.

“ಒಂದು ಲೇಖನ ಬೇಕಾಗಿತ್ತು ಸರ್. ನೆಟ್‌ನಾಗ ಸಿಗವಲ್ದು.”

“ನೆಟ್ ಅಂದ್ರ ಭಾಳ ದೊಡ್ಡ ಊರಾತ್ರಿ. ಯಾವ ಓಣ್ಯಾಗ ಹುಡುಕೀರಿ?”

“ಗೂಗಲ್‌ನಾಗರಿ.”

“ಅದು ಬಸ್‌ಸ್ಟ್ಯಾಂಡ್. ಅಲ್ಲಿ ಯಾರೂ ಮನಿ ಮಾಡಿರೂದಿಲ್ಲ. ಮನಿಂದನ ಜರ್ನಲ್ ಓದಾಕ ನಿಮಗೊಂದು ಲಾಗಿನ್ ಕೊಟ್ಟೇವಲ್ಲ?”

ಭಾಗ್ಯಾ ಚೀಲದ ಒಳ ಜೇಬಿನಿಂದ ಒಂದು ಲಕೋಟೆ ತೆಗೆದಳು. ಜುಲ್ಫಿಕಾರ ಅದನ್ನು ತಿರುವಿ ನೋಡಿದರು.

“ಅಂಟು ಸೈತ ಬಿಟ್ಟಿಲ್ಲ. ಎಷ್ಟು ವರ್ಷಾತು?”

“ನಾಲ್ಕು.”

“ಬ್ಯಾಂಕಿನ ಲಾಕರ್‌ನಾಗೂ ಇಷ್ಟು ಭದ್ರ ಇರಂಗಿಲ್ಲ ಬಿಡ್ರಿ. ಬರ್ರಿ, ಒಡೀರಿ.”

ಗ್ರಂಥಾಲಯದ ಮೂಲಕ ಜರ್ನಲ್‌ನ ತಾಣಕ್ಕೆ ಹೋಗಿ ಸಂಪುಟ ಇಪ್ಪತ್ತೊಂದು, ಪುಟ ಇನ್ನೂರ ಹದಿನಾಲ್ಕು ಎಂದು ಕೊಟ್ಟರು. ತೆರೆದುಕೊಂಡಿದ್ದು ಬೇರೆಯೇ ಲೇಖನ. ಸ್ಕಾಟ್ಲೆಂಡಿನ ಗಾಜಿನ ಕಾರ್ಖಾನೆಯೊಂದರಲ್ಲಿ ಕೆಲಸಗಾರರ ಕಿವುಡುತನ.

“ಇದರಾಗ ಹುಬ್ಬಳ್ಳಿ ಎಲ್ಲೈತ್ರಿ?” ಎಂದು ಜುಲ್ಫಿಕಾರ ಕನ್ನಡಕ ಮೇಲೇರಿಸಿದರು. “ಈ ಸಂಪುಟ ಎಪ್ಪತ್ತೆಂಟರದು. ನೀವು ವರ್ಷ ಎಪ್ಪತ್ತೊಂಬತ್ತು ಅಂತ ಬರದೀರಿ. ಎರಡೂ ಕೂಡೂದಿಲ್ಲ. ನಿಮ್ಮ ವಿಭಾಗದ ಹಳೇ ಪ್ರಬಂಧದಾಗ ಏನೈತಿ ನೋಡೂನು.”

ವಿಶ್ವವಿದ್ಯಾಲಯದ ಪ್ರಬಂಧಗಳೆಲ್ಲ ಈಗ ಸ್ಕ್ಯಾನ್ ಆಗಿ ಗ್ರಂಥಾಲಯದ ಕಂಪ್ಯೂಟರಿನಲ್ಲಿದ್ದವು. ಗುರುಶಿದ್ದಪ್ಪ ಸರ್ ಅವರದು, ಆಮೇಲೆ ಅವರ ಆರು ಶಿಷ್ಯರದು. ಏಳರಲ್ಲೂ ಸಂಪುಟ ಇಪ್ಪತ್ತೊಂದು. ಜುಲ್ಫಿಕಾರ ನೋಟಬುಕ್ಕಿನಲ್ಲಿ ಏಳು ಗೆರೆ ಎಳೆದರು.

“ಒಂದೇ ತಪ್ಪು ಏಳು ಮಂದಿ ಮಾಡಬೇಕಾದ್ರ, ಆಮ್ಯಾಲಿನ ಆರು ಮಂದಿ ಲೇಖನ ತಗದು ನೋಡಿಲ್ಲ ಅಂತಾತು.”

“ಎಂಟನೇದು ನಂದು ಸರ್,” ಎಂದಳು ಭಾಗ್ಯಾ.

“ನೀವು ಬಂದು ಕುಂತೀರಲ್ಲ. ಗೆರಿ ಎಳಿಯೂದಿಲ್ಲ.”

ಸಂಪುಟದ ನಂಬರ್ ಹಾಕಿ ಹುಡುಕುವುದನ್ನು ಬಿಟ್ಟು ಅವರು 1979ರ ಸಂಚಿಕೆಗಳ ಪರಿವಿಡಿಯನ್ನು ಒಂದೊಂದಾಗಿ ತೆರೆದು ಮೇಲಿನಿಂದ ಕೆಳಗೆ ಓದತೊಡಗಿದರು. ಮೂರನೆಯ ಸಂಚಿಕೆಯಲ್ಲಿ ಸಿಕ್ಕಿತು. ಸಂಪುಟ ಇಪ್ಪತ್ತೆರಡು. ದಕ್ಷಿಣ ಭಾರತದ ಒಂದು ಪಟ್ಟಣದಲ್ಲಿ ಹತ್ತಿಯ ಧೂಳು ಮತ್ತು ಹೆಣ್ಣು ಕಾರ್ಮಿಕರು. ಪುಟ 209ರಿಂದ 219.

“ಹನ್ನೊಂದು ಪುಟ. ನಿಮ್ಮ ಹಂತೇಕ ಇರೂದು ಆರನೇದು,” ಎಂದು ಜುಲ್ಫಿಕಾರ ಅದರ ಮೇಲೆ ಒತ್ತಿದರು. ಪರದೆಯ ಮೇಲೆ ಬೀಗದ ಚಿತ್ರ ಬಂತು. ಈ ಜರ್ನಲ್‌ಗೆ ಗ್ರಂಥಾಲಯದ ಚಂದಾ ಇದ್ದದ್ದು 1997ರಿಂದ ಈಚಿನ ಸಂಚಿಕೆಗಳಿಗೆ ಮಾತ್ರ.

ಭಾಗ್ಯಾ ಚೀಲ ಎತ್ತಿಕೊಂಡಳು. ಜುಲ್ಫಿಕಾರ ಮಾತ್ರ ನೋಟಬುಕ್ಕಿನ ಹೊಸ ಹಾಳೆ ತಿರುವಿದರು.

“ನಮ್ಮಲ್ಲಿ ಇಲ್ಲ, ಅಷ್ಟ. ದೇಶದಾಗ ಯಾರದೋ ಕಪಾಟಿನಾಗ ಕಾಗದದ ಸಂಪುಟ ಇದ್ದೇ ಇರತೈತಿ. ಕೇಳಿದ್ರ ಸ್ಕ್ಯಾನ್ ಮಾಡಿ ಕಳಸ್ತಾರ. ಎಲ್ಲಿ, ಆ ಝೆರಾಕ್ಸ್ ಕೊಡ್ರಿ.”

ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೇಲ್ಗಡೆ ಗುರುಶಿದ್ದಪ್ಪ ಸರ್ ಕೈಬರಹದಲ್ಲಿ ಸಂಪುಟ, ಪುಟ. ನಡುವೆ ಕೋಷ್ಟಕ. ಕೆಳಗೆ ಕೋಷ್ಟಕದ ಕೊನೆಯ ಗೆರೆಗೇ ಕಾಗದ ಮುಗಿದಿತ್ತು.

“ಈ ನಾಲ್ಕು ಪಾಯಿಂಟ್ ಒಂದರ ಪಕ್ಕ ಏನ್ರಿ ಇದು?”

“ಶಾಯಿ ಹತ್ತಿರಬೇಕ್ರಿ.”

“ಶಾಯಿ ಅಲ್ಲ. ಚುಕ್ಕಿ. ನೋಡ್ರಿ, ನಕ್ಷತ್ರದಂಗ ಐದು ಮೂಲಿ ಅದಾವು. ಅಂಕಿ ಪಕ್ಕ ಚುಕ್ಕಿ ಹಾಕ್ಯಾರಂದ್ರ ಕೆಳಗ ಟಿಪ್ಪಣಿ ಇರಬೇಕು. ನಿಮ್ಮ ಕಾಗದ ಮುಗದೈತಿ, ಪುಟ ಮುಗದಿಲ್ಲ.”

ಐದು ವರ್ಷದಲ್ಲಿ ಆ ಪುಟವನ್ನು ನೂರು ಸಲವಾದರೂ ನೋಡಿದ್ದಳು. ಚುಕ್ಕಿ ಪ್ರತಿ ಸಲವೂ ಅಲ್ಲೇ ಇತ್ತು. ಟೈಪ್ ಮಾಡುವಾಗ ಬೇರೆ ಆರು ಜನರಂತೆ ಅವಳೂ ಅದನ್ನು ಬಿಟ್ಟಿದ್ದಳು.

ಜುಲ್ಫಿಕಾರ ಮೂರು ಊರುಗಳ ಗ್ರಂಥಾಲಯಗಳಿಗೆ ಕೋರಿಕೆ ಕಳಿಸಿದರು. ಕೊನೆಯಲ್ಲಿ ತಾವೇ ಒಂದು ಸಾಲು ಸೇರಿಸಿದರು: ‘ಪುಟದ ನಾಲ್ಕೂ ಅಂಚು ಕಾಣಬೇಕು. ಕೋಷ್ಟಕಗಳ ಕೆಳಗಿನ ಟಿಪ್ಪಣಿ ಬಿಡಬಾರದು.’

ಸೋಮವಾರ ಮೊದಲ ಉತ್ತರ ಬಂತು: ಆ ವರ್ಷದ ಸಂಪುಟ ನಮ್ಮಲ್ಲಿಲ್ಲ. ಮಂಗಳವಾರ ಎರಡನೆಯದು: ಸಂಪುಟ ಬೈಂಡಿಂಗ್‌ಗೆ ಹೋಗಿದೆ, ಮುಂದಿನ ತಿಂಗಳು ಕೇಳಿ. ಅದೇ ದಿನ ಮಧ್ಯಾಹ್ನ ಯಲ್ಲೇಶನ ಫೋನು ಬಂತು. ಹಸಿರು ಫೈಲನ್ನು ಅವಳ ಕೈಗೆ ಕೊಟ್ಟವನು ಅವನೇ. ಈಗ ಗದಗಿನ ಕಾಲೇಜೊಂದರಲ್ಲಿ ಉಪನ್ಯಾಸಕ.

“ಏನವಾ ಭಾಗ್ಯಾ, ಲೈಬ್ರರ್‍ಯಾಗ ನಮ್ಮ ಪ್ರಬಂಧ ತಗಸಿ ನೋಡಾಕತ್ತಿಯಂತ?”

“ಯಾರ್ ಹೇಳಿದ್ರೋ ಅಣ್ಣಾ?”

“ಧಾರವಾಡದಾಗ ಯಾರು ಹೇಳಬೇಕು, ಗಾಳಿನೇ ಹೇಳತೈತಿ. ಸರ್ ಪತ್ರ ಕೊಟ್ಟಾರಲ್ಲ? ಕೊಟ್ಟು ಕೈ ತೊಳಕೋ. ಮುಂದಿನ ವರ್ಷ ರಿಟೈರ್ ಆಗೂ ಮನಷ್ಯಾ. ಯಾಕ ಕೆದಕ್ತಿ?”

“ಕೆದಕಾಕತ್ತಿಲ್ಲೋ. ಓದಬೇಕಾಗೈತಿ.”

“ನಾವೇನು ಓದದ ಪಾಸಾದ್ವಿ?”

“ಏಳೂ ಪ್ರಬಂಧದಾಗ ಸಂಪುಟದ ನಂಬರ್ ತಪ್ಪೈತೋ ಅಣ್ಣಾ,” ಎಂದಳು ಭಾಗ್ಯಾ. “ಹಂಗಾರ ಸಿಕ್ರ ನನಗೂ ಒಂದು ಕಾಪಿ ಕಳಸು,” ಎಂದು ಯಲ್ಲೇಶ ಫೋನ್ ಇಟ್ಟ.

ಬುಧವಾರವೂ ಹಾಗೇ ಹೋಯಿತು. ಸೋಮವಾರಕ್ಕೆ ಇನ್ನು ಐದೇ ದಿನ. ಸರ್ ಬರೆದ ಪತ್ರ ಚೀಲದಲ್ಲಿ ಲಾಗಿನ್ ಲಕೋಟೆಯ ಪಕ್ಕದಲ್ಲೇ ಇತ್ತು. ಬಸ್ಸಿನಲ್ಲಿ ಕೂತಾಗ ಒಂದೆರಡು ಸಲ ತೆಗೆದು ಓದಿದಳು. ಸುಳ್ಳೇನೂ ಇರಲಿಲ್ಲ ಅದರಲ್ಲಿ. ಆ ಪುಟವನ್ನು ಸರ್ ಮೂಲದಿಂದಲೇ ಪ್ರತಿ ಮಾಡಿಸಿದ್ದು ಖರೆ. ಮತ್ತೆ ಮಡಿಚಿಟ್ಟಳು.

ಗುರುವಾರ ಹನ್ನೊಂದು ಗಂಟೆಗೆ ಪುಣೆಯಿಂದ ಹನ್ನೊಂದು ಪುಟ ಬಂದವು. ಪ್ರತಿ ಪುಟದ ಸುತ್ತ ಸ್ಕ್ಯಾನರಿನ ಕಪ್ಪು ಅಂಚು ಕಾಣುವಂತೆ, ಜುಲ್ಫಿಕಾರ ಕೇಳಿದ ಹಾಗೇ. ಭಾಗ್ಯಾ ಮೊದಲ ಪುಟದಿಂದ ಓದುತ್ತ ಬಂದು ಆರನೆಯದರಲ್ಲಿ ನಿಂತಳು. ಕೋಷ್ಟಕದ ಕೆಳಗೆ, ಮುಂಬಯಿಯ ಕಾಗದಕ್ಕೆ ಹಿಡಿಯದೆ ಹೋಗಿದ್ದ ಎರಡು ಸಾಲು ಸಣ್ಣ ಅಕ್ಷರದಲ್ಲಿದ್ದವು:

‘ಪರೀಕ್ಷೆಯ ದಿನ ಕೆಲಸದಲ್ಲಿದ್ದವರು ಮಾತ್ರ. ಹಿಂದಿನ ಮೂರು ವರ್ಷಗಳಲ್ಲಿ ಕೆಲಸ ಬಿಟ್ಟವರಿಗೆ ಐದನೆಯ ಕೋಷ್ಟಕ ನೋಡಿ.’

ಐದನೆಯ ಕೋಷ್ಟಕ ಎರಡು ಪುಟ ಮುಂದಿತ್ತು. ಕೆಲಸ ಬಿಟ್ಟವರಲ್ಲಿ ಮನೆಗೆ ಹೋಗಿ ಪರೀಕ್ಷಿಸಿದವರು 138. ಉಸಿರಾಟದ ತೊಂದರೆ ಇದ್ದವರು 86.

ಜುಲ್ಫಿಕಾರರ ಪೆನ್ನು ಇಸಿದುಕೊಂಡು ಲೆಕ್ಕ ಹಾಕಿದಳು. ನಾಲ್ಕುನೂರಾ ಹನ್ನೆರಡಕ್ಕೆ ನೂರಾ ಮೂವತ್ತೆಂಟು ಕೂಡಿಸಿದರೆ ಐದುನೂರಾ ಐವತ್ತು. ಹದಿನೇಳಕ್ಕೆ ಎಂಬತ್ತಾರು ಕೂಡಿಸಿದರೆ ನೂರಾ ಮೂರು. ಶೇಕಡಾ 18.7. ಅವಳ ಸಮೀಕ್ಷೆಯಲ್ಲಿ ಕೆಲಸ ಮಾಡುವವರು, ಬಿಟ್ಟವರು ಎಲ್ಲ ಸೇರಿ ನೂರಾ ಅರವತ್ತರಲ್ಲಿ ಮೂವತ್ತೊಂದು. ಶೇಕಡಾ 19.4. ಇನ್ನೊಮ್ಮೆ ಹಾಕಿದಳು. ಅಷ್ಟೇ ಬಂತು.

“ಸಿಕ್ತಲ್ರಿ?” ಎಂದರು ಜುಲ್ಫಿಕಾರ.

“ಸಿಕ್ತು ಸರ್. ಐದು ಪಟ್ಟು ಏರೇದ ಅಂತ ಬರದಿದ್ದೆ. ಏರೇ ಇಲ್ಲ. ಆವಾಗೂ ಇಷ್ಟ ಇತ್ತು. ನನ್ನ ಅಧ್ಯಾಯ ಹೋತು.”

ಅವರು ಹಾಳೆಯತ್ತ ಬಗ್ಗಿ ಅವಳ ಲೆಕ್ಕವನ್ನು ತಾವೂ ಒಮ್ಮೆ ಮಾಡಿ ನೋಡಿದರು. “ನೀವು ಮನಿ ಮನಿ ಅಡ್ಡ್ಯಾಡಿ ತಂದ ಅಂಕಿ ಏನಾದ್ರೂ ಬದಲಾತೇನ್ರಿ?”

“ಇಲ್ರಿ.”

“ಮತ್ತ? ಹೋಗಿದ್ದು ಅಧ್ಯಾಯದ ಹೆಸರು.” ನೋಟಬುಕ್ಕಿನಲ್ಲಿ ‘ಸಿಕ್ಕಿದೆ, ಪೂರ್ಣ’ ಎಂದು ಬರೆದು ದಿನಾಂಕ ಹಾಕಿ ಮುಚ್ಚಿದರು.

ಶುಕ್ರವಾರ ಬೆಳಿಗ್ಗೆ ಅವಳು ಗುರುಶಿದ್ದಪ್ಪ ಸರ್ ಮೇಜಿನ ಮೇಲೆ ಹನ್ನೊಂದು ಪುಟ ಇಟ್ಟಳು. ಅದರ ಮೇಲೆ ಅವರೇ ಬರೆದುಕೊಟ್ಟ ಪತ್ರ.

“ಇದು ಬ್ಯಾಡ್ರಿ ಸರ್. ಲೇಖನ ಸಿಕ್ಕೇತಿ.”

ಸರ್ ಓದಿದರು. ನಿಧಾನವಾಗಿ, ಬೆರಳು ಇಟ್ಟುಕೊಂಡು. ಆರನೆಯ ಪುಟಕ್ಕೆ ಬಂದಾಗ ಅವಳ ಕೈಯಿಂದ ಹಸಿರು ಫೈಲು ಇಸಿದುಕೊಂಡು, ಝೆರಾಕ್ಸ್ ತೆಗೆದು ಅದರ ಪಕ್ಕಕ್ಕಿಟ್ಟರು. ಎರಡೂ ಪುಟಗಳ ತಲೆ ಕೂಡಿಸಿದರೆ ಝೆರಾಕ್ಸ್ ಕೆಳಗೆ ಎರಡು ಬೆರಳಿನಷ್ಟು ಕಡಿಮೆ ಬರುತ್ತಿತ್ತು.

“ಮುಂಬಯ್ಯಾಗ ಅವತ್ತು ಲೈಬ್ರರಿ ಐದಕ್ಕ ಬಂದ್ ಮಾಡ್ತಿದ್ರು,” ಎಂದರು. “ಝೆರಾಕ್ಸ್‌ನಾವಾ ಲೈಟ್ ಆರಸಾಕತ್ತಿದ್ದ. ನನಗ ಆ ನಾಲ್ಕರ ಅಂಕಿ ಬೇಕಿತ್ತು, ಸಿಕ್ತು. ಸಂಪುಟದ ನಂಬರ ರೈಲಿನಾಗ ಕುಂತು ನೆನಪಿನ ಮ್ಯಾಲೆ ಬರದೆ.”

ಭಾಗ್ಯಾ ಐದನೆಯ ಕೋಷ್ಟಕದ ಪುಟ ತೆಗೆದು ಅವರ ಮುಂದಿಟ್ಟಳು.

“ನಿಮ್ಮಾಯಿ ಜಿನ್ನಿಂಗ್ ಬಿಟ್ಟಾಕಿ ಅಂದಿದ್ದಿಯಲ್ಲ?”

“ಹೌದ್ರಿ ಸರ್. ಐದನೇ ಕೋಷ್ಟಕದಾಗ ಇದ್ದಾಳ್ರಿ.”

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಪ್ರಬಂಧ ಪುಸ್ತಕವಾಗಿ ಬಂದು, ಅದರ ‘ನೂರಕ್ಕೆ ನಾಲ್ಕು’ ಎಷ್ಟೋ ವರದಿಗಳಲ್ಲಿ ಸೇರಿತ್ತು. ಅದು ಇಬ್ಬರಿಗೂ ಗೊತ್ತಿದ್ದ ವಿಷಯ.

“ಬರಿ ಹಂಗಾರ. ನನ್ನ ತಪ್ಪಿನ ವಿಷಯ ಒಂದು ಅಡಿಟಿಪ್ಪಣಿಯೊಳಗ ಹಾಕಿಬಿಡು.”

“ಸರ್, ಇಷ್ಟೆಲ್ಲಾ ಆಗಿದ್ದು ಅಡಿಟಿಪ್ಪಣಿ ಕಣ್ಣಿಗೆ ಬೀಳದ್ದಕ್ಕ ಅಲ್ರೀ?”

ಕೇಳಿದ ಮೇಲೆ ಅವಳಿಗೆ ಹೆದರಿಕೆಯಾಯಿತು. ಸರ್ ಅವಳನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗಿತು. ನಗು ಬೇಡವೆಂದರೂ ಬಂದಿತ್ತು.

“ಆತವಾ. ದೊಡ್ಡ ಅಕ್ಷರದಾಗ ಬರಿ. ಅಧ್ಯಾಯದ ಮೊದಲನೇ ಪುಟದಾಗ. ಹೆಸರು ಸಹಿತ.” ಪತ್ರವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಝೆರಾಕ್ಸ್ ಪುಟವನ್ನು ಮಾತ್ರ ಹರಿಯಲಿಲ್ಲ. ಅದರ ಮೇಲೆ ಕೆಂಪು ಪೆನ್ನಿನಲ್ಲಿ ‘ಕೆಳಗಿನ ಎರಡು ಸಾಲು ಬಿಟ್ಟುಹೋಗಿವೆ’ ಎಂದು ಬರೆದು, ಪುಣೆಯಿಂದ ಬಂದ ಪುಟಗಳ ಜೊತೆ ಸೇರಿಸಿ ಫೈಲಿನಲ್ಲಿಟ್ಟು ಅವಳ ಕೈಗೆ ಕೊಟ್ಟರು.

ಶನಿವಾರ, ಭಾನುವಾರ ಭಾಗ್ಯಾ ಮೂರನೆಯ ಅಧ್ಯಾಯವನ್ನು ಮೊದಲಿನಿಂದ ಬರೆದಳು. ಸೋಮವಾರ ನಜ್ಮಾ ಮೇಡಂ ಹನ್ನೊಂದೂ ಪುಟ ತಿರುವಿ, ಎರಡು ಕೋಷ್ಟಕಗಳ ಅಂಕಿಗಳನ್ನು ಹೊಸ ಅಧ್ಯಾಯದ ಜೊತೆ ತಾಳೆ ನೋಡಿದರು. ಅಧ್ಯಾಯದ ಹೆಸರು ಈಗ ‘ಮಿಲ್ಲಿನ ಬಾಗಿಲಲ್ಲಿ ಸಿಗದವರು’.

“ಹೋದ ಸಲದ್ದು ಓದಾಕ ಛಲೋ ಇತ್ತು,” ಎಂದರು. “ಇದು ಖರೇ ಅದ. ಸಹಿ ಎಲ್ಲಿ ಹಾಕಬೇಕು?”

ಅಂದು ಭಾಗ್ಯಾ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಸಾವಂತ್ರೆವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಭಾಗ್ಯಾ ಪಕ್ಕದಲ್ಲಿ ಕೂತು ಐದನೆಯ ಕೋಷ್ಟಕದ ಪುಟ ತೆರೆದು, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳಿದಳು.

“ನೋಡ್ ಆಯಿ, ನಮ್ಮೂರ ಹೆಸರೂ ಐತಿ. ಗೋಪನಕೊಪ್ಪ, ಹದಿನಾಲ್ಕು ಮಂದಿ.”

“ಹದಿನಾಕಲ್ಲ. ಹದಿನೈದು.”

“ಇಲ್ಲಿ ಹದಿನಾಲ್ಕು ಅಂತ ಐತಿ.”

“ಅವರು ಬರದ್ರ ಆತೇನು? ನಾ ಎಣಿಸೇನಿ. ಆ ಡಾಕ್ಟರಬಾಯೀನ್ನ ಮನಿ ಮನಿಗೆ ಕರಕೊಂಡು ಹ್ವಾದಾಕಿ ನಾನು. ಫಕೀರವ್ವನ್ನ ಎಲ್ಲಿ ಬಿಟ್ರು? ನಳಿಗಿ ನೋಡಿ, ನಾ ಊದಂಗಿಲ್ಲ, ನನ್ನ ಜೀವಾ ಅದರಾಗ ಹೊಕ್ಕತೈತಿ ಅಂತ ಹಿತ್ತಲಕ್ಕ ಓಡಿಹ್ವಾದ್ಲು.”

ಭಾಗ್ಯಾ ಪುಟದ ಕೆಳಗೆ ನೋಡಿದಳು. ಈ ಸಲ ಮೊದಲು ಅಲ್ಲಿಗೇ ಹೋಗಬೇಕಿತ್ತು ಅನ್ನಿಸಿತು. ಕೋಷ್ಟಕದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದೇ ಸಾಲು: ‘ಗೋಪನಕೊಪ್ಪದ ಒಬ್ಬ ಮಹಿಳೆ ಪರೀಕ್ಷೆಗೆ ಒಪ್ಪಲಿಲ್ಲ.’

ಅದನ್ನು ಓದಿ ಹೇಳಿದಾಗ ಸಾವಂತ್ರೆವ್ವ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲುವತನಕ ಭಾಗ್ಯಾ ಬೆನ್ನು ತಿಕ್ಕುತ್ತ ಕೂತಳು.

“ಆಕಿ ಹೆಸರು ಹಾಕ್ಯಾರೇನು?” ಸಾವಂತ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು.

“ಇಲ್ಲ. ಯಾರ ಹೆಸರೂ ಇಲ್ಲ.”

“ಛಲೋ ಆತು. ಹಾಕಿದ್ರ ಮ್ಯಾಲಿಂದ ಇಳದು ಬಂದು ಬೈತಿದ್ಲು.”